ಸ್ಟ್ರಾವಾದಲ್ಲಿ ಓಡದ ಫಾಲೋವರ್‌ಗಳು: ಏನು ನೋಡಬೇಕು, ಏನು ಮುಚ್ಚಬೇಕು

ಇನ್‌ಸ್ಟಾಗ್ರಾಂನಲ್ಲಿ ಒಂದು ನಕಲಿ ಖಾತೆ ನಿಮ್ಮ ಹಿಂದೆ ಬಿದ್ದರೆ ಅದಕ್ಕೆ ಸಿಗುವುದು ನಿಮ್ಮ ನಾಲ್ಕು ಫೋಟೋ. ಓಟ, ನಡಿಗೆ, ಸೈಕಲ್ ಸವಾರಿಯನ್ನು ದಾಖಲಿಸಿ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪ್‌ನಲ್ಲಿ ಸಿಗುವುದು ಬೇರೆ. ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ, ಕುಕ್ಕರಹಳ್ಳಿ ಕೆರೆಗೆ ಯಾವ ಗೇಟಿನಿಂದ ಒಳಗೆ ಹೋಗುತ್ತೀರಿ, ಎಲ್ಲಿ ನಿಂತು ನೀರು ಕುಡಿಯುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ಸು, ವಾರದಲ್ಲಿ ಯಾವ ದಿನ ಒಬ್ಬರೇ ಇರುತ್ತೀರಿ, ಇಷ್ಟೂ ಮ್ಯಾಪಿನ ಮೇಲೆ ಒಂದು ಗೆರೆಯಾಗಿ ಬಿದ್ದಿರುತ್ತದೆ.

ಮೈಸೂರಿನಲ್ಲಿ ಈ ಆ್ಯಪ್ ಈಗ ಬರೀ ಸೈಕಲ್ ಹುಡುಗರ ಸೊತ್ತಾಗಿ ಉಳಿದಿಲ್ಲ. ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲ ಬುಡದಲ್ಲಿ ನಿಂತು ನೋಡಿ, ಎಷ್ಟೋ ಜನ ಮೊದಲು ವಾಚಿನ ಗುಂಡಿ ಒತ್ತಿ, ಆಮೇಲೆ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ. ಲಿಂಗಾಂಬುಧಿ ಕೆರೆಯಲ್ಲಿ ವಾಕಿಂಗ್ ಮಾಡುವ ನಿವೃತ್ತ ಮೇಷ್ಟರು, ರಿಂಗ್ ರೋಡಿನಲ್ಲಿ ಭಾನುವಾರ ಸೈಕಲ್ ತುಳಿಯುವ ಐಟಿಯವರು, ಓವಲ್ ಮೈದಾನದ ಕಾಲೇಜು ಮಕ್ಕಳು, ಎಲ್ಲರೂ ಇದ್ದಾರೆ. ಎಲ್ಲರ ದೂರೂ ಹೆಚ್ಚುಕಮ್ಮಿ ಒಂದೇ: "ಏನ್ ಸಾರ್, ಇಷ್ಟು ಜನ ಫಾಲೋ ಮಾಡ್ತಿದಾರೆ, ಅದ್ರಲ್ಲಿ ಅರ್ಧಕ್ಕರ್ಧ ಜನ ಒಂದ್ ಕಿಲೋಮೀಟರೂ ನಡೆದಿಲ್ವಲ್ಲ!"

ಇದಕ್ಕೆ ಜನ ಸಾಮಾನ್ಯವಾಗಿ ಮಾಡುವುದು, ಕಂಡ ಕಂಡ ಖಾತೆಯನ್ನು ಬ್ಲಾಕ್ ಮಾಡುತ್ತಾ ಕೂರುವುದು. ಅದಕ್ಕೆ ಕೊನೆಯಿಲ್ಲ. ತೆರೆದ ಬಾಗಿಲಿನ ಮನೆಯಲ್ಲಿ ಕೂತು ಒಳಗೆ ಬಂದವರನ್ನು ಒಬ್ಬೊಬ್ಬರಾಗಿ ಕಳಿಸಿದ ಹಾಗೆ. ಬಾಗಿಲು ಮೊದಲು, ಒಳಗಿರುವವರು ಆಮೇಲೆ, ಗೋಡೆಯ ಸಂದುಗೊಂದು ಕೊನೆಗೆ: ಈ ಅನುಕ್ರಮದಲ್ಲಿ ಮಾಡಿದರೆ ಒಂದು ಸಂಜೆಯ ಕೆಲಸ. ಕೆಳಗೆ ಬರೆದಿರುವುದೂ ಅದೇ ಅನುಕ್ರಮದಲ್ಲಿ.

ಇವರೆಲ್ಲ ಯಾರು?

ನಕಲಿ ಎಂದು ನಾವು ಕರೆಯುವ ಖಾತೆಗಳೆಲ್ಲ ಒಂದೇ ಜಾತಿಯವಲ್ಲ. ಹೆಚ್ಚಿನವು ಬರೀ ಜಾಹೀರಾತಿನವು. ಒಂದು ಪ್ರೋಗ್ರಾಂ ಬರೆದು ಸಾವಿರಾರು ಜನರನ್ನು ಫಾಲೋ ಮಾಡಿಸುತ್ತಾರೆ. ನಿಮಗೆ ನೋಟಿಫಿಕೇಶನ್ ಬರುತ್ತದೆ, ಯಾರಪ್ಪಾ ಇದು ಅಂತ ಪ್ರೊಫೈಲ್ ತೆರೆಯುತ್ತೀರಿ, ಅಲ್ಲೊಂದು ಲಿಂಕ್ ಇರುತ್ತದೆ. ತೂಕ ಇಳಿಸುವ ಪುಡಿ, ಕ್ರಿಪ್ಟೋ, ಇಲ್ಲವೇ "ನನ್ನ ಜೊತೆ ಮಾತಾಡಿ" ಎನ್ನುವ ಹುಡುಗಿಯ ಫೋಟೋ. ನೀವು ತೆರೆದು ನೋಡಿದಿರಲ್ಲ, ಅಷ್ಟಕ್ಕೇ ಅವರ ಕೆಲಸ ಆಯಿತು.

ಇನ್ನು ಕೆಲವರು ನಿಜವಾದ ಮನುಷ್ಯರೇ, ಆದರೆ ಫಾಲೋವರ್ ಸಂಖ್ಯೆ ಬೆಳೆಸುವ ಹುಚ್ಚಿನವರು. ಎಲ್ಲರನ್ನೂ ಫಾಲೋ ಮಾಡುವುದು, ಎಲ್ಲರ ಓಟಕ್ಕೂ ಕುಡೋಸ್ (ಸ್ಟ್ರಾವಾದ ಲೈಕ್) ಒತ್ತುವುದು, ಅದನ್ನೂ ಕೈಯಾರೆ ಒತ್ತದೆ ಬ್ರೌಸರಿನಲ್ಲಿ ಸ್ಕ್ರಿಪ್ಟ್ ಹಾಕಿ ಒತ್ತಿಸುವುದು. ಆದ್ದರಿಂದ "ದಿನಾ ಕುಡೋಸ್ ಕೊಡ್ತಾರೆ, ಒಳ್ಳೆಯವರೇ ಇರಬೇಕು" ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. 2024ರಲ್ಲಿ ಇಂಡೋನೇಷ್ಯಾದಲ್ಲಿ 'ಸ್ಟ್ರಾವಾ ಜಾಕಿ'ಗಳ ಸುದ್ದಿ ಬಂತು. ದುಡ್ಡು ಕೊಟ್ಟರೆ ನಿಮ್ಮ ಹೆಸರಿನಲ್ಲಿ ಅವರು ಓಡಿ ಕೊಡುತ್ತಾರೆ. ಓಟ ಅಸಲಿ, ಖಾತೆಯ ಯಜಮಾನ ಮಾತ್ರ ಮನೆಯಲ್ಲಿ ಮಲಗಿರುತ್ತಾನೆ. ಇಂಥವರಿಂದ ನಿಮಗೇನೂ ಕಂಟಕವಿಲ್ಲ, ನಕ್ಕು ಬಿಡಬಹುದು.

ನಗಲಾಗದ್ದು ಮೂರನೆಯ ಬಗೆ. ಗೊತ್ತಿರುವವರೇ ಬೇರೆ ಹೆಸರಿನಲ್ಲಿ ಬರುವುದು. ಮುರಿದುಬಿದ್ದ ಪ್ರೀತಿ, ಸೈಟಿನ ತಕರಾರು, ಬಿಟ್ಟುಬಂದ ಆಫೀಸಿನ ಯಾರೋ. ಸಂಬಂಧ ನೋಡುವ ಕಾಲದಲ್ಲಿ ಹುಡುಗನೋ ಹುಡುಗಿಯೋ ಬೆಳಗ್ಗೆ ಯಾರ ಜೊತೆ ಓಡುತ್ತಾರೆ ಎಂದು ಪತ್ತೆ ಮಾಡಲು ಖಾತೆ ತೆರೆಯುವ ಬಂಧುಗಳೂ ನಮ್ಮಲ್ಲಿ ಕಡಿಮೆಯಿಲ್ಲ! ಸಂಖ್ಯೆಯಲ್ಲಿ ಇವರು ತೀರ ಕಮ್ಮಿ. ಆದರೆ ಮುಂದಿನ ಹಂತಗಳಲ್ಲಿ ಅರ್ಧ ಭಾಗ ಇವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು.

ಇನ್ನೊಂದು ಬಗೆಯವರು ನಿಮ್ಮನ್ನು ಫಾಲೋ ಕೂಡ ಮಾಡಬೇಕಿಲ್ಲ. 2022ರಲ್ಲಿ ಇಸ್ರೇಲಿನ ಫೇಕ್‌ರಿಪೋರ್ಟರ್ ಎಂಬ ಸಂಸ್ಥೆ ಒಂದು ಖಾತೆಯನ್ನು ಪತ್ತೆ ಮಾಡಿತು. ಆ ಖಾತೆ ಸೇನಾ ನೆಲೆಗಳ ಒಳಗೆ ಓಡಿದಂತೆ ಸುಳ್ಳು ದಾಖಲೆ ಹಾಕಿ, ಅಲ್ಲಿ ಸೆಗ್ಮೆಂಟ್‌ಗಳನ್ನು (ಓಡಿದವರ ಹೆಸರು, ಸಮಯದ ಪಟ್ಟಿ ಇರುವ ದಾರಿಯ ತುಂಡುಗಳನ್ನು) ಸೃಷ್ಟಿಸಿತ್ತು. ಅಲ್ಲಿ ನಿಜವಾಗಿ ಓಡುತ್ತಿದ್ದ ಸಿಬ್ಬಂದಿಯ ಹೆಸರುಗಳು ಆ ಸೆಗ್ಮೆಂಟಿನ ಪಟ್ಟಿಯಲ್ಲಿ ತಾವಾಗಿಯೇ ಬಂದು ಕೂತವು. ನಮಗ್ಯಾಕೆ ಸೇನೆಯ ಕತೆ ಎನ್ನಬೇಡಿ. ನಿಮ್ಮ ಬಡಾವಣೆಯ ರಸ್ತೆಗೂ ಯಾರು ಬೇಕಾದರೂ ಸೆಗ್ಮೆಂಟ್ ಮಾಡಬಹುದು.

ಹಂತ 1: ಬಾಗಿಲು

ಸ್ಟ್ರಾವಾ ತೆರೆಯಿರಿ. ಕೆಳಗಿನ ಸಾಲಿನಲ್ಲಿ 'ಯೂ' ಒತ್ತಿ, ಮೇಲೆ ಬಲಗಡೆ ಕಾಣುವ ಹಲ್ಲುಚಕ್ರದ ಗುರುತು ಒತ್ತಿ, 'ಪ್ರೈವೆಸಿ ಕಂಟ್ರೋಲ್ಸ್'ಗೆ ಹೋಗಿ. ಇವತ್ತಿನ ಕೆಲಸದಲ್ಲಿ ಹೆಚ್ಚಿನದು ಈ ಒಂದೇ ಪುಟದಲ್ಲಿದೆ.

ಮೊದಲನೆಯದು 'ಪ್ರೊಫೈಲ್ ಪೇಜ್'. ಇದು 'ಎವೆರಿವನ್' ಎಂದಿದ್ದರೆ ಯಾರು ಬೇಕಾದರೂ ನಿಮ್ಮ ಅಪ್ಪಣೆಯಿಲ್ಲದೆ ಫಾಲೋವರ್ ಆಗಬಹುದು. ಇದನ್ನು 'ಫಾಲೋವರ್ಸ್' ಮಾಡಿ. ಇನ್ನು ಮುಂದೆ ಬರುವವರು ರಿಕ್ವೆಸ್ಟ್ ಕಳಿಸಿ ಕಾಯಬೇಕು, ನೀವು ಒಪ್ಪಿದರೆ ಮಾತ್ರ ಒಳಗೆ. ನಕಲಿ ಖಾತೆಗಳ ಕಾಟದಲ್ಲಿ ಮುಕ್ಕಾಲು ಪಾಲು ಇಲ್ಲೇ ನಿಲ್ಲುತ್ತದೆ. ಆದರೆ ಈಗಾಗಲೇ ಒಳಗಿರುವವರು ಇದರಿಂದ ಹೊರಗೆ ಹೋಗುವುದಿಲ್ಲ. ಅವರನ್ನು ನೀವೇ ತೆಗೆಯಬೇಕು.

ಎರಡನೆಯದು 'ಆ್ಯಕ್ಟಿವಿಟೀಸ್'. ಇದನ್ನೂ 'ಫಾಲೋವರ್ಸ್'ಗೆ ಇಳಿಸಿ ಎಂಬುದು ನನ್ನ ಸಲಹೆ. ಇಲ್ಲಿ ಒಂದು ನಷ್ಟವಿದೆ. 'ಎವೆರಿವನ್' ಅಲ್ಲದ ಓಟಗಳು ಸೆಗ್ಮೆಂಟಿನ ಲೀಡರ್‌ಬೋರ್ಡಿನಲ್ಲಿ ಕಾಣುವುದಿಲ್ಲ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ತಮ್ಮ ಸಮಯ ಎಷ್ಟನೆಯ ಜಾಗದಲ್ಲಿದೆ ಎಂದು ದಿನಾ ನೋಡುವವರಿಗೆ ಇದು ಹೊಟ್ಟೆ ಉರಿಯುವ ಸಂಗತಿ, ಒಪ್ಪುತ್ತೇನೆ. ಅದಕ್ಕೊಂದು ಮಧ್ಯದ ದಾರಿಯಿದೆ. ಮೂಲ ಸೆಟ್ಟಿಂಗ್ 'ಫಾಲೋವರ್ಸ್' ಎಂದೇ ಇರಲಿ. ದಮ್ಮು ಕಟ್ಟಿ ಹತ್ತಿದ ಆ ಒಂದು ದಿನದ ರೈಡನ್ನು ಮಾತ್ರ 'ಎಡಿಟ್' ಒತ್ತಿ 'ಎವೆರಿವನ್' ಮಾಡಿ. ಮನೆಯಿಂದ ಹಾಲಿನ ಬೂತಿಗೆ ಹೋದದ್ದನ್ನೆಲ್ಲ ಜಗತ್ತು ನೋಡಬೇಕಾಗಿಲ್ಲ.

ಮೂರನೆಯದು 'ಗ್ರೂಪ್ ಆ್ಯಕ್ಟಿವಿಟೀಸ್'. ಇದನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ಖಾತೆ ಎಷ್ಟೇ ಬಿಗಿಯಿದ್ದರೂ, ಜೊತೆಗೆ ಓಡಿದ ಗೆಳತಿಯ ಖಾತೆ ಎಲ್ಲರಿಗೂ ತೆರೆದಿದ್ದರೆ ಅವಳ ಓಟದ ಪುಟದಲ್ಲಿ "ಇವರ ಜೊತೆ" ಎಂದು ನಿಮ್ಮ ಹೆಸರು ಬರಬಹುದು. ಇದನ್ನು 'ಫಾಲೋವರ್ಸ್' ಅಥವಾ 'ನೋ ವನ್' ಮಾಡಿ. 'ಫ್ಲೈಬೈಸ್' ಕೂಡ ಅಲ್ಲೇ ಇದೆ. ದಾರಿಯಲ್ಲಿ ನಿಮ್ಮ ಪಕ್ಕದಲ್ಲಿ ಯಾರು ಹಾದುಹೋದರು ಎಂದು ತೋರಿಸುವ ಸೌಲಭ್ಯ ಅದು. 2020ರಲ್ಲಿ ಜನ ಆಕ್ಷೇಪಿಸಿದ ಮೇಲೆ ಕಂಪನಿಯೇ ಅದನ್ನು ಮೂಲ ಸೆಟ್ಟಿಂಗ್‌ನಲ್ಲೇ ಮುಚ್ಚಿಟ್ಟಿತು. ಹಳೆಯ ಖಾತೆಯವರು 'ನೋ ವನ್' ಎಂದಿದೆಯೇ ಒಮ್ಮೆ ನೋಡಿಬಿಡಿ.

ಇನ್ನು ಫೋನಿನ ಕಾಂಟ್ಯಾಕ್ಟ್ಸ್ ಜೋಡಣೆ. ಗ್ಯಾಸಿನವನಿಂದ ಹಿಡಿದು ಹಳೆಯ ಬಾಡಿಗೆ ಮನೆಯ ಓನರ್ ತನಕ ಎಲ್ಲರ ನಂಬರೂ ನಮ್ಮ ಫೋನಿನಲ್ಲಿರುತ್ತದೆ, ನಮ್ಮದು ಅವರ ಫೋನಿನಲ್ಲಿ. ಗೆಳೆಯರನ್ನು ಹುಡುಕಿ ಮುಗಿದ ಮೇಲೆ ಅದನ್ನು ತೆರೆದಿಟ್ಟು ಪ್ರಯೋಜನವಿಲ್ಲ. ಆಫ್ ಮಾಡಿ.

ಹಂತ 2: ಪಟ್ಟಿ ನೋಡುವುದು

ಈಗ ಪ್ರೊಫೈಲಿನಲ್ಲಿ 'ಫಾಲೋವರ್ಸ್' ಸಂಖ್ಯೆಯ ಮೇಲೆ ಒತ್ತಿ ಪಟ್ಟಿ ತೆರೆಯಿರಿ. ಪಕ್ಕದಲ್ಲಿ ಕಾಫಿ ಇರಲಿ, ಸ್ವಲ್ಪ ಹೊತ್ತು ಹಿಡಿಯುತ್ತದೆ.

ಪಕ್ಕಾ ಬಾಟ್ ಖಾತೆ (ಪ್ರೋಗ್ರಾಂ ನಡೆಸುವ ಖಾತೆ) ಕಣ್ಣಿಗೆ ಹೇಗೆ ಬೀಳುತ್ತದೆ ನೋಡಿ. ಫೋಟೋ ಜಿಮ್ಮಿನ ಜಾಹೀರಾತಿನಿಂದ ಕತ್ತರಿಸಿದಂತಿರುತ್ತದೆ. ಹೆಸರಿನ ಮೊದಲ ಭಾಗ ಒಂದು ದೇಶದ್ದು, ಎರಡನೆಯ ಭಾಗ ಇನ್ನೊಂದು ದೇಶದ್ದು. ಊರು ನಮೂದಿಸಿಲ್ಲ, ಇದ್ದರೂ ನಮಗೆ ಸಂಬಂಧವಿಲ್ಲದ್ದು. ಫಾಲೋ ಮಾಡುತ್ತಿರುವವರು ಸಾವಿರಗಟ್ಟಲೆ, ಹಿಂತಿರುಗಿ ಫಾಲೋ ಮಾಡಿದವರು ಬೆರಳೆಣಿಕೆ, ಓಟ ಸೊನ್ನೆ. ಇಂಥದ್ದಕ್ಕೆ ಯೋಚನೆ ಬೇಡ, ತೆಗೆಯಿರಿ.

ಕಷ್ಟ ಇರುವುದು ನಡುವಿನವುಗಳಲ್ಲಿ. ಈಗಿನ ಕೆಲವು ಖಾತೆಗಳು ಓಟವನ್ನೂ ಹಾಕುತ್ತವೆ. ಕಂಪ್ಯೂಟರಿನಲ್ಲಿ ಮ್ಯಾಪಿನ ಮೇಲೆ ಗೆರೆ ಎಳೆದರೆ ಓಟದ ಫೈಲ್ ತಯಾರಿಸಿ ಕೊಡುವ ಸಲಕರಣೆಗಳು ಬಂದುಬಿಟ್ಟಿವೆ. ಆದರೆ ಊರು ಗೊತ್ತಿಲ್ಲದವನು ಎಳೆದ ಗೆರೆ ಊರಿನವರ ಕಣ್ಣಿಗೆ ಸಿಕ್ಕಿಬೀಳುತ್ತದೆ. ಆ ಓಟವನ್ನು ತೆರೆದು ಮ್ಯಾಪನ್ನು ದೊಡ್ಡದು ಮಾಡಿ. ಕುಕ್ಕರಹಳ್ಳಿಯ ಏರಿಯ ಮೇಲೆ ಮರಗಳ ಅಡಿಯಲ್ಲಿ ನಿಮ್ಮ ವಾಚಿನ ಜಿಪಿಎಸ್ಸೂ ಸ್ವಲ್ಪ ನಡುಗುತ್ತದೆ, ಗೆರೆ ಅಲ್ಲಲ್ಲಿ ನಾಲ್ಕು ಮಾರು ನೀರಿಗೆ ಇಳಿದು ಮತ್ತೆ ದಡಕ್ಕೆ ಬರುತ್ತದೆ. ಅದು ಅಸಲಿಯ ಲಕ್ಷಣ. ನಕಲಿ ಗೆರೆ ಒಂದು ದಡದಿಂದ ಇನ್ನೊಂದಕ್ಕೆ ಪೆಲಿಕನ್ ಹಾರಿದ ಹಾಗೆ ಕೆರೆಯ ನಟ್ಟನಡುವೆ ನೇರ ಹೋಗಿರುತ್ತದೆ. ಇಲ್ಲವೇ ಬೆಟ್ಟದ ರಸ್ತೆಯ ಮೊದಲ ತಿರುವಿನಲ್ಲೂ ಕೊನೆಯ ತಿರುವಿನಲ್ಲೂ ವೇಗ ಒಂದಿಷ್ಟೂ ಕಡಿಮೆಯಾಗದೆ ಏಕಪ್ರಕಾರ ಇರುತ್ತದೆ. ನಂದಿಯ ಹತ್ತಿರ ಕೂಡ ಉಸಿರು ತೆಗೆದುಕೊಳ್ಳದ ಮನುಷ್ಯ ಯಾರು ಸ್ವಾಮಿ? ಹೃದಯ ಬಡಿತದ ಗ್ರಾಫ್ ಇಲ್ಲ, ಸಿಗ್ನಲ್‌ನಲ್ಲಿ ನಿಂತದ್ದಿಲ್ಲ, ಎಲ್ಲ ಕಿಲೋಮೀಟರಿಗೂ ಒಂದೇ ಸಮಯ. ಇಂಥ ಎರಡು ಮೂರು ಗುರುತು ಒಟ್ಟಿಗೆ ಸಿಕ್ಕರೆ ಸಾಕು.

ಒಂದೇ ಗುರುತು ಹಿಡಿದು ತೀರ್ಮಾನಕ್ಕೆ ಬರಬೇಡಿ. ಫೋಟೋ ಇಲ್ಲದವರೆಲ್ಲ, ಓಟ ಹಾಕದವರೆಲ್ಲ ನಕಲಿಯಲ್ಲ. ಮಂಡ್ಯದಲ್ಲಿರುವ ನಿಮ್ಮ ಅತ್ತೆ, ಮಗಳು ಮ್ಯಾರಥಾನ್ ಓಡಿದ್ದನ್ನು ನೋಡಲೆಂದೇ ಆ್ಯಪ್ ಹಾಕಿಸಿಕೊಂಡಿರಬಹುದು. ತಮ್ಮ ಓಟವನ್ನು 'ಓನ್ಲಿ ಯೂ' ಮಾಡಿಕೊಂಡಿರುವ ಎಚ್ಚರದ ಮನುಷ್ಯನ ಪ್ರೊಫೈಲೂ ಹೊರಗಿನಿಂದ ಖಾಲಿಯಾಗೇ ಕಾಣುತ್ತದೆ. ಅನುಮಾನ ಬಂದರೆ ವಾಟ್ಸಾಪ್‌ನಲ್ಲಿ "ಅಕ್ಕಾ, ಇದು ನಿಮ್ದೇನಾ?" ಎಂದು ಕೇಳಿಬಿಡುವುದು ಸುಲಭ.

ಇನ್ನು ಇಬ್ಬರಿಗೂ ಗೊತ್ತಿರುವ ಸ್ನೇಹಿತರು. "ನಮ್ಮ ಗ್ರೂಪಿನ ಏಳೆಂಟು ಜನ ಫಾಲೋ ಮಾಡ್ತಿದಾರೆ, ಹಾಗಾದ್ರೆ ಪರವಾಗಿಲ್ಲ" ಎಂದು ಒಪ್ಪಿಕೊಳ್ಳುವುದು ನಮ್ಮೂರಿನ ಮಾಮೂಲಿ ಕ್ರಮ. ಆ ಏಳೆಂಟು ಜನರೂ ಹಾಗೆಯೇ ಒಪ್ಪಿರುತ್ತಾರೆ. ಮರೆಯಲ್ಲಿ ನಿಂತು ನೋಡಬೇಕೆಂದು ಬರುವವನು ಮೊದಲು ಹಿಡಿಯುವುದೇ ಎಲ್ಲರನ್ನೂ ಒಪ್ಪಿಕೊಳ್ಳುವ ಧಾರಾಳಿಗಳನ್ನು. ಅವರ ಮೂಲಕ ಒಂದು ನಂಬಿಕೆಯ ಪಟ್ಟಿ ತಯಾರಾದ ಮೇಲೆ ನಿಮಗೆ ರಿಕ್ವೆಸ್ಟ್ ಬರುತ್ತದೆ. ಹಾಗಾಗಿ ಆ ಏಳೆಂಟರಲ್ಲಿ ಒಬ್ಬರಾದರೂ "ಹೌದು, ಮುಖಾಮುಖಿ ನೋಡಿದ್ದೇನೆ" ಎಂದು ಹೇಳಬೇಕು. ಇಲ್ಲದಿದ್ದರೆ ರಿಕ್ವೆಸ್ಟ್ ಕಾಯಲಿ.

ಹಂತ 3: ತೆಗೆಯುವುದು, ಬ್ಲಾಕ್, ರಿಪೋರ್ಟ್

ಆ ಖಾತೆಯ ಪ್ರೊಫೈಲ್ ತೆರೆದು ಮೂಲೆಯ ಮೂರು ಚುಕ್ಕಿ ಒತ್ತಿದರೆ ಆಯ್ಕೆಗಳು ಬರುತ್ತವೆ. ಫಾಲೋವರ್ ಪಟ್ಟಿಯಿಂದ ತೆಗೆದರೆ ಅವರಿಗೆ ನೋಟಿಫಿಕೇಶನ್ ಹೋಗುವುದಿಲ್ಲ, ಆದರೆ ಮತ್ತೆ ರಿಕ್ವೆಸ್ಟ್ ಕಳಿಸಬಹುದು. ಹಳೆಯ ಸಹೋದ್ಯೋಗಿ, ಜಗಳ ಬೇಡ ಆದರೆ ನೋಡುವುದೂ ಬೇಡ ಎನ್ನುವ ನೆಂಟರು, ಇಂಥವರಿಗೆ ಇಷ್ಟೇ ಸಾಕು.

ಬಾಟ್‌ಗಳಿಗೆ ಮತ್ತು ಅನುಮಾನದವರಿಗೆ 'ಬ್ಲಾಕ್'. ಆ ಮೇಲೆ ಆ ಖಾತೆ ನಿಮ್ಮನ್ನು ಫಾಲೋ ಮಾಡುವಂತಿಲ್ಲ, ಕುಡೋಸ್ ಕೊಡುವಂತಿಲ್ಲ, ಕಾಮೆಂಟ್ ಹಾಕುವಂತಿಲ್ಲ. ಬ್ಲಾಕ್ ಆದವರಿಗೂ ನೋಟಿಫಿಕೇಶನ್ ಹೋಗುವುದಿಲ್ಲ. ಆದರೆ ಬ್ಲಾಕ್ ಆಗುವುದು ಖಾತೆ. ಮನುಷ್ಯ ಹತ್ತು ನಿಮಿಷದಲ್ಲಿ ಇನ್ನೊಂದು ಇಮೇಲ್ ಹಿಡಿದು ಹೊಸ ಖಾತೆ ತೆರೆಯಬಹುದು. ನಿಮ್ಮ ಓಟಗಳು 'ಎವೆರಿವನ್' ಎಂದೇ ಇದ್ದರೆ ಆ ಹೊಸ ಖಾತೆಗೆ ಎಲ್ಲವೂ ಕಾಣುತ್ತದೆ. ಮೊದಲ ಹಂತವನ್ನು ಮೊದಲೇ ಮುಗಿಸಿ ಎಂದದ್ದು ಅದಕ್ಕೇ.

ರಿಪೋರ್ಟ್ ಮಾಡುವುದು ಪುಣ್ಯದ ಕೆಲಸವೆಂದು ಮಾಡಬೇಕು, ಫಲ ಕೂಡಲೇ ಸಿಗುವುದಿಲ್ಲ. ಒಂದು ಸಂದರ್ಭದಲ್ಲಿ ಮಾತ್ರ ಬಿಡಬೇಡಿ. ನಿಮ್ಮದೇ ಹೆಸರು, ನಿಮ್ಮದೇ ಫೋಟೋ ಹಾಕಿಕೊಂಡು ಬೇರೆ ಯಾರೋ ಖಾತೆ ತೆರೆದಿದ್ದರೆ ನೀವೂ ರಿಪೋರ್ಟ್ ಮಾಡಿ, ಜೊತೆಯಲ್ಲಿ ಓಡುವ ನಾಲ್ಕು ಜನರಿಂದಲೂ ಮಾಡಿಸಿ. "ಇದು ನಾನಲ್ಲ" ಎಂದು ನಿಮ್ಮ ಗ್ರೂಪಿಗೆ ಅವತ್ತೇ ತಿಳಿಸಿ.

ಹೊಸ ರಿಕ್ವೆಸ್ಟ್‌ಗಳ ವಿಷಯದಲ್ಲಿ ಅವಸರ ಬೇಡ. ಒಪ್ಪದೆ ಹಾಗೇ ಬಿಟ್ಟರೆ ಯಾವ ಆಕಾಶವೂ ಕಳಚಿ ಬೀಳುವುದಿಲ್ಲ.

ಹಂತ 4: ಮ್ಯಾಪು

ಪಟ್ಟಿ ಎಷ್ಟೇ ಶುದ್ಧ ಮಾಡಿದರೂ ಒಬ್ಬ ತಪ್ಪಿ ಉಳಿದಿರುತ್ತಾನೆ ಎಂದುಕೊಂಡೇ ಈ ಹಂತ ಮಾಡಬೇಕು. ಆ ಒಬ್ಬನಿಗೆ ನಿಮ್ಮ ಮನೆ ಕಾಣಬಾರದು.

'ಪ್ರೈವೆಸಿ ಕಂಟ್ರೋಲ್ಸ್'ನಲ್ಲಿ 'ಮ್ಯಾಪ್ ವಿಸಿಬಿಲಿಟಿ' ಇದೆ. ಅದರಲ್ಲಿ ಮೂರು ದಾರಿ. ಒಂದು ವಿಳಾಸ ಕೊಟ್ಟು ಅದರ ಸುತ್ತ ವೃತ್ತದೊಳಗೆ ಬರುವ ಆರಂಭ ಮತ್ತು ಅಂತ್ಯವನ್ನು ಮುಚ್ಚುವುದು. ಎಲ್ಲಿಂದ ಹೊರಟರೂ ಮೊದಲ ಮತ್ತು ಕೊನೆಯ ಇಷ್ಟು ದೂರವನ್ನು ಮುಚ್ಚುವುದು. ಇಲ್ಲವೇ ಪೂರ್ತಿ ಮ್ಯಾಪನ್ನೇ ಮುಚ್ಚುವುದು. ದೂರವನ್ನು 200 ಮೀಟರಿನಿಂದ 1,600 ಮೀಟರಿನವರೆಗೆ ಆರಿಸಬಹುದು.

ಜನ ಸಾಮಾನ್ಯವಾಗಿ ತಮ್ಮ ಮನೆಯ ವಿಳಾಸ ಹಾಕಿ 200 ಮೀಟರ್ ಒತ್ತಿ ನೆಮ್ಮದಿಯಾಗುತ್ತಾರೆ. ಅದು ಸಾಲದು. ಸರಸ್ವತೀಪುರಂನಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ಸೋಮವಾರ ಕುಕ್ಕರಹಳ್ಳಿ ಕಡೆಗೆ, ಬುಧವಾರ ಕುವೆಂಪುನಗರದ ಕಡೆಗೆ, ಶನಿವಾರ ಬಲ್ಲಾಳ್ ಸರ್ಕಲ್ ದಾಟಿ ಪೇಟೆಯ ಕಡೆಗೆ ಓಟ. ಪ್ರತಿ ಸಲ ಗೆರೆ ಶುರುವಾಗುವುದು ವೃತ್ತದ ಅಂಚಿನಲ್ಲಿ. ಮೂರು ದಿಕ್ಕಿನ ಮೂರು ಚುಕ್ಕಿ ಸಿಕ್ಕರೆ ಅವುಗಳ ಮೂಲಕ ಒಂದು ವೃತ್ತ ಎಳೆಯುವುದು ಹೈಸ್ಕೂಲಿನ ರೇಖಾಗಣಿತ. ನಡುವಿನ ಬಿಂದು ನಿಮ್ಮ ಗೇಟಿನ ಆಸುಪಾಸು. ಅದೂ ಸಾಲದೆಂದರೆ ಇನ್ನೊಂದು ಸುಳಿವಿದೆ. ಗೆರೆ ಮುಚ್ಚಿದ್ದರೂ ಒಟ್ಟು ದೂರ ಪೂರ್ತಿಯಾಗೇ ತೋರಿಸುತ್ತದೆ. ಕಾಣುವ ಗೆರೆಯ ಉದ್ದ ಕಳೆದರೆ ಮುಚ್ಚಿದ ಭಾಗ ಎಷ್ಟು ಎಂಬುದು ಗೊತ್ತಾಗುತ್ತದೆ. ಬೆಲ್ಜಿಯಂನ ಸಂಶೋಧಕರು ಈ ದೌರ್ಬಲ್ಯವನ್ನು ಹಿಡಿದೇ ಮುಚ್ಚಿಟ್ಟ ವಿಳಾಸಗಳನ್ನು ಕಂಡುಹಿಡಿಯಬಹುದೆಂದು ತೋರಿಸಿದ್ದಾರೆ.

ಹಾಗಾದರೆ ಏನು ಮಾಡಬೇಕು? ವೃತ್ತ ದೊಡ್ಡದಿರಲಿ, ಕನಿಷ್ಠ 800 ಮೀಟರ್. ವಿಳಾಸ ನಿಮ್ಮ ಮನೆಯದ್ದಾಗಿರಬೇಕಿಲ್ಲ. ಎರಡು ಮೂರು ಕ್ರಾಸ್ ಆಚೆಗಿನ ಒಂದು ಪಾರ್ಕು ಅಥವಾ ಬಸ್ ಸ್ಟಾಪ್ ಕೊಡಿ, ವೃತ್ತದೊಳಗೆ ಮನೆ ಬಂದರಾಯಿತು. ಆಗ ನಡುವಿನ ಬಿಂದು ಹುಡುಕಿದವನು ಪಾರ್ಕಿನಲ್ಲಿ ನಿಂತಿರುತ್ತಾನೆ. ಮನೆಯಂತೆ ಆಫೀಸು, ಮಕ್ಕಳ ಶಾಲೆ, ತವರುಮನೆ ಇವುಗಳಿಗೂ ವೃತ್ತ ಹಾಕಿ.

ಇಷ್ಟೆಲ್ಲ ತಲೆನೋವು ಬೇಡ ಎನ್ನುವವರಿಗೆ ನಾನು ಹೇಳುವುದು ಒಂದೇ: ವಾಚಿನ ಗುಂಡಿಯನ್ನು ಕೆರೆಯ ಗೇಟಿನಲ್ಲಿ ಒತ್ತಿ, ಗೇಟಿನಲ್ಲೇ ನಿಲ್ಲಿಸಿ. ಮನೆಯಿಂದ ಗೇಟಿನ ತನಕದ ದೂರ ವಾರ್ಮ್‌ಅಪ್ ಎಂದುಕೊಳ್ಳಿ. ದಾಖಲಾಗದ ಗೆರೆಯನ್ನು ಯಾರೂ ಕದಿಯಲಾರರು. ತಿಂಗಳ ಕೊನೆಯಲ್ಲಿ ಲೆಕ್ಕಕ್ಕೆ ನಾಲ್ಕಾರು ಕಿಲೋಮೀಟರ್ ಕಮ್ಮಿ ಬಿದ್ದರೆ ಬೀಳಲಿ.

ಜಾಗದಷ್ಟೇ ಸಮಯವೂ ಮುಖ್ಯ. ಓಟದ 'ಎಡಿಟ್'ನಲ್ಲಿ ಶುರುವಾದ ಹೊತ್ತನ್ನು ಮರೆಮಾಡುವ ಆಯ್ಕೆ ಇದೆ, ಹಾಗೆ ಮಾಡಿದರೆ ದಿನಾಂಕ ಮಾತ್ರ ಕಾಣುತ್ತದೆ. ದಿನಾ ಒಂದೇ ಹೊತ್ತಿಗೆ ಒಂದೇ ಸುತ್ತು ಹಾಕುವವರು ಇದನ್ನು ಬಳಸಿ. ಓಟ ಮುಗಿದ ತಕ್ಷಣ, ಗೇಟಿನಲ್ಲಿ ಎಳನೀರು ಕುಡಿಯುತ್ತಿರುವಾಗಲೇ ಅಪ್‌ಲೋಡ್ ಮಾಡುವ ಚಪಲವನ್ನೂ ಸ್ವಲ್ಪ ತಡೆಯಿರಿ. ಮನೆಗೆ ಬಂದು ಸ್ನಾನ ಆದ ಮೇಲೆ ಹಾಕಿದರೂ ಕುಡೋಸ್ ಅಷ್ಟೇ ಬರುತ್ತವೆ.

ಫೋಟೋಗಳನ್ನೂ ನೋಡಿ. ಗೇಟಿನ ಮುಂದೆ ಸೈಕಲ್ ಒರಗಿಸಿ ತೆಗೆದ ಚಿತ್ರದಲ್ಲಿ ಮನೆ ನಂಬರು, ಪಕ್ಕದ ಸ್ಕೂಟರಿನ ನಂಬರ್ ಪ್ಲೇಟು, ಹಿಂದಿನ ಅಂಗಡಿಯ ಬೋರ್ಡು ಎಲ್ಲ ಇರುತ್ತವೆ. ಮ್ಯಾಪು ಮುಚ್ಚಿ ಫೋಟೋದಲ್ಲಿ ವಿಳಾಸ ಕೊಟ್ಟಂತೆ.

ಹೆಣ್ಣುಮಕ್ಕಳಿಗೆ ಇದನ್ನೆಲ್ಲ ಹೇಳುವಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ. ಕದ್ದು ನೋಡುವವನು ಯಾರೋ, ಸೆಟ್ಟಿಂಗ್ ಬದಲಿಸಿಕೊಳ್ಳಬೇಕಾದವರು ಇವರು. "ಅದಕ್ಕೇ ಬೆಳಗಿನ ಜಾವ ಹೋಗಬೇಡ" ಎನ್ನುವ ಮನೆಯವರ ಮಾತಿಗೆ ಈ ಲೇಖನ ಸಾಕ್ಷಿಯಾಗದಿರಲಿ. ಅದರ ಬದಲು ಆ ಮನೆಯವರನ್ನೇ 'ಬೀಕನ್'ಗೆ ಸೇರಿಸಿ. ನೀವು ಆರಿಸಿದವರಿಗೆ ಮಾತ್ರ, ಓಡುತ್ತಿರುವಾಗ ನೀವಿರುವ ಜಾಗ ತೋರಿಸುವ ಸೌಲಭ್ಯ ಅದು.

ಹಂತ 5: ಹಳೆಯ ಓಟಗಳು

'ಆ್ಯಕ್ಟಿವಿಟೀಸ್' ಸೆಟ್ಟಿಂಗ್ ಬದಲಿಸಿದರೆ ಮುಂದಿನ ಓಟಗಳಿಗೆ ಅನ್ವಯ. ಹಿಂದಿನವು ಹಾಗೇ ತೆರೆದಿರುತ್ತವೆ. ಬ್ರೌಸರಿನಲ್ಲಿ ಲಾಗಿನ್ ಆಗಿ, ಅದೇ ಪ್ರೈವೆಸಿ ಪುಟದಲ್ಲಿ 'ಎಡಿಟ್ ಪಾಸ್ಟ್ ಆ್ಯಕ್ಟಿವಿಟೀಸ್' ತೆರೆದರೆ ಎಲ್ಲವನ್ನೂ ಒಂದೇ ಏಟಿಗೆ 'ಫಾಲೋವರ್ಸ್' ಅಥವಾ 'ಓನ್ಲಿ ಯೂ' ಮಾಡಬಹುದು. ಒಂದೊಂದಕ್ಕೆ ಬೇರೆ ಬೇರೆ ಸೆಟ್ಟಿಂಗ್ ಇಟ್ಟಿದ್ದರೆ ಅದು ಮರಳಿ ಬರುವುದಿಲ್ಲ, ಲೀಡರ್‌ಬೋರ್ಡಿನ ಹಳೆಯ ಜಾಗಗಳೂ ಹೋಗುತ್ತವೆ. ಯೋಚಿಸಿ ಒತ್ತಿ.

ಹೀಟ್‌ಮ್ಯಾಪಿಗೆ (ಎಲ್ಲರ ಗೆರೆಗಳನ್ನೂ ಒಟ್ಟುಗೂಡಿಸಿ ತೋರಿಸುವ ಮ್ಯಾಪು) ನಿಮ್ಮ ದಾಖಲೆ ಸೇರಿಸುವ ಸ್ವಿಚ್ಚೂ ಅದೇ ಪುಟದಲ್ಲಿದೆ. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಆ ಮ್ಯಾಪಿನಲ್ಲೇ ಮರುಭೂಮಿಯ ನಡುವಿನ ಸೇನಾ ನೆಲೆಗಳ ಆಕಾರ ಕಾಣುತ್ತಿದೆ ಎಂದು ತೋರಿಸಿದ ಮೇಲೆ ಜಗತ್ತೆಲ್ಲ ಗುಲ್ಲಾಗಿತ್ತು. ಕೆರೆ ಏರಿಯ ಮೇಲೆ ಸಾವಿರ ಜನರ ಗೆರೆಯಲ್ಲಿ ನಿಮ್ಮದು ಕಾಣುವುದಿಲ್ಲ. ಆದರೆ ಊರಾಚೆಯ ತೋಟದ ಮನೆಯ ದಾರಿಯಲ್ಲಿ ಓಡುವವರು ನೀವೊಬ್ಬರೇ ಆಗಿದ್ದರೆ ಆ ಸ್ವಿಚ್ಚು ಆಫ್ ಮಾಡುವುದು ಒಳ್ಳೆಯದು.

ಮೆಸೇಜು ಮತ್ತು ಕ್ಲಬ್ಬು

ಸ್ಟ್ರಾವಾದಲ್ಲಿ 2023ರ ಕೊನೆಯಿಂದ ನೇರ ಮೆಸೇಜ್ ಕಳಿಸುವ ಸೌಲಭ್ಯವಿದೆ. ನಕಲಿಗಳಿಗೆ ಇದೊಂದು ಹೊಸ ದಾರಿ. ಯಾರು ನಿಮಗೆ ಮೆಸೇಜ್ ಶುರು ಮಾಡಬಹುದು ಎಂಬುದನ್ನು ನೀವು ಫಾಲೋ ಮಾಡುವವರಿಗೆ ಸೀಮಿತ ಮಾಡಿ, ಇಲ್ಲವೇ ಪೂರ್ತಿ ಮುಚ್ಚಿ. "ಚಾಲೆಂಜ್ ಗೆದ್ದಿದ್ದೀರಿ, ಶೂ ಕಳಿಸುತ್ತೇವೆ, ಕೊರಿಯರ್ ಚಾರ್ಜ್ ಮಾತ್ರ ಕಟ್ಟಿ" ಎಂದು ಬಂದರೆ ಶೂ ಇಲ್ಲ, ಚಾರ್ಜ್ ಮಾತ್ರ ಇದೆ.

ಕ್ಲಬ್ ನಡೆಸುವವರ ಜವಾಬ್ದಾರಿ ಬೇರೆಯದು. ಕ್ಲಬ್ಬು ಎಲ್ಲರಿಗೂ ತೆರೆದಿದ್ದರೆ ನೂರು ಸದಸ್ಯರು ತಮ್ಮ ತಮ್ಮ ಬಾಗಿಲು ಹಾಕಿಕೊಂಡರೂ, ಭಾನುವಾರ ಬೆಳಗ್ಗೆ ಲಲಿತಮಹಲ್ ಹತ್ತಿರ ಎಷ್ಟು ಹೊತ್ತಿಗೆ ಸೇರುತ್ತಾರೆ ಎಂಬುದು ಈವೆಂಟಿನ ಪುಟದಲ್ಲಿ ಎಲ್ಲರಿಗೂ ಸಿಗುತ್ತದೆ. ಅಡ್ಮಿನ್ ಒಪ್ಪದೆ ಸೇರಲಾಗದಂತೆ ಮಾಡಿ. ಹೊಸಬರನ್ನು ಒಪ್ಪುವ ಮುಂಚೆ ವಾಟ್ಸಾಪ್ ಗ್ರೂಪಿನಲ್ಲಿ "ಇವರು ಯಾರಿಗೆ ಗೊತ್ತು?" ಎಂದು ಒಂದು ಸಾಲು ಹಾಕಿ. ಯಾರೂ ಕೈ ಎತ್ತದಿದ್ದರೆ, ಭಾನುವಾರ ರೈಡಿಗೆ ಬರಲು ಹೇಳಿ, ಬಂದ ಮೇಲೆ ಸೇರಿಸಿ. ಬಾಟ್ ಯಾವತ್ತೂ ಬೆಳಗ್ಗೆ ಆರಕ್ಕೆ ಹೆಲ್ಮೆಟ್ ಹಾಕಿಕೊಂಡು ಬರುವುದಿಲ್ಲ. ಬಿಟ್ಟುಹೋದವರನ್ನು ವರ್ಷಕ್ಕೊಮ್ಮೆ ದಸರಾ ಮುಗಿದ ಮೇಲೋ ಯಾವಾಗಲೋ ಪಟ್ಟಿಯಿಂದ ತೆಗೆಯುವ ರೂಢಿಯನ್ನೂ ಇಟ್ಟುಕೊಳ್ಳಿ.

ಬ್ಲಾಕಿಗೆ ಮುಗಿಯದಿದ್ದರೆ

ಒಂದು ಖಾತೆ ಮುಚ್ಚಿದರೆ ಇನ್ನೊಂದು ಬರುತ್ತಿದೆ, ಕಾಮೆಂಟಿನಲ್ಲಿ ನಿಮ್ಮ ಬಟ್ಟೆಯ ಬಣ್ಣ ಹೇಳುತ್ತಿದ್ದಾರೆ, ನೀವು ಹೋಗುವ ಜಾಗಕ್ಕೆ ಯಾರೋ ಬಂದು ನಿಲ್ಲುತ್ತಿದ್ದಾರೆ ಎಂದಾದರೆ ಸೆಟ್ಟಿಂಗ್‌ನ ಮಾತು ಅಲ್ಲಿಗೆ ಮುಗಿಯಿತು. ಅಪಾಯ ಎದುರಿಗೇ ಇದ್ದರೆ 112ಕ್ಕೆ ಫೋನ್ ಮಾಡಿ.

ದೂರು ಕೊಡುವುದಿದ್ದರೆ ಮೊದಲು ದಾಖಲೆ, ಆಮೇಲೆ ಬ್ಲಾಕ್. ಪ್ರೊಫೈಲ್, ಕಾಮೆಂಟು, ಮೆಸೇಜುಗಳ ಸ್ಕ್ರೀನ್‌ಶಾಟನ್ನು ದಿನಾಂಕ ಕಾಣುವಂತೆ ತೆಗೆಯಿರಿ. ಬ್ರೌಸರಿನಲ್ಲಿ ಆ ಪ್ರೊಫೈಲ್ ತೆರೆದರೆ ವಿಳಾಸದ ಸಾಲಿನ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಹೆಸರು, ಫೋಟೋ ಎಷ್ಟು ಸಲ ಬದಲಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ. ಪೊಲೀಸರಿಗೆ ಬೇಕಾಗುವುದು ಆ ಸಂಖ್ಯೆ. "ರಾಹುಲ್ ಅಂತ ಯಾರೋ" ಎಂದರೆ ಅವರೂ ಏನು ಮಾಡಿಯಾರು?

ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹಾಕಬಹುದು, ಅಲ್ಲಿ ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೆ ಪ್ರತ್ಯೇಕ ವಿಭಾಗವಿದೆ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ನೇರವಾಗಿ ಹೋಗುವವರಿಗೆ ಮೈಸೂರು ನಗರದಲ್ಲಿ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್, ಹೆಣ್ಣುಮಗಳನ್ನು ಬೆನ್ನು ಹತ್ತುವುದನ್ನು ಮಾತ್ರವಲ್ಲ, ಅವಳ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದನ್ನೂ ಅಪರಾಧ ಎನ್ನುತ್ತದೆ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸಜೆ. ನಿಮ್ಮ ಹೆಸರಿನಲ್ಲಿ ಖಾತೆ ತೆರೆದು ಇತರರಿಗೆ ಮೋಸ ಮಾಡಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್ ಕೂಡ ಇದೆ.

ಠಾಣೆಯಲ್ಲಿ ಸ್ಟ್ರಾವಾ ಎಂದರೆ ಏನು ಎಂದು ಮೊದಲಿನಿಂದ ವಿವರಿಸಬೇಕಾಗಿ ಬರಬಹುದು. "ಸಾರ್, ಇದು ನಾನು ಎಲ್ಲಿ, ಎಷ್ಟು ಹೊತ್ತಿಗೆ ಓಡ್ತೀನಿ ಅಂತ ಮ್ಯಾಪಲ್ಲಿ ತೋರಿಸೋ ಆ್ಯಪ್" ಎಂದು ಹೇಳಿ, ನಿಮ್ಮದೇ ಒಂದು ಓಟವನ್ನು ತೆರೆದು ತೋರಿಸಿ, ತಕ್ಷಣ ಅರ್ಥವಾಗುತ್ತದೆ. ಸ್ಕ್ರೀನ್‌ಶಾಟುಗಳ ಪ್ರಿಂಟ್ ಎರಡು ಪ್ರತಿ ಒಯ್ಯಿರಿ. ಸ್ವೀಕೃತಿಯ ಕಾಗದ ಕೇಳಿ ಪಡೆಯಿರಿ, ಅದರ ನಂಬರನ್ನು ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲೂ ಇಡಿ. ಅದೇ ವ್ಯಕ್ತಿ ಹೊಸ ಹೆಸರಿನಲ್ಲಿ ಮತ್ತೆ ಬಂದರೆ ಹೊಸ ಪ್ರೊಫೈಲಿನ ಸಂಖ್ಯೆಯ ಜೊತೆಗೆ ಆ ಹಳೆಯ ನಂಬರನ್ನೂ ಕೊಡಬೇಕಾಗುತ್ತದೆ.